ದನದ ಕೆಲಸ ಮೊದಲು, ಅತಿಥಿ ಆಮೇಲೆ: ಅಮೆರಿಕದ ರ‍್ಯಾಂಚಿಗೆ ರಜೆಗೆ ಹೋಗುವವರು ತಿಳಿದಿರಬೇಕಾದದ್ದು

ಅಮೆರಿಕದ ವಯೋಮಿಂಗ್, ಮೊಂಟಾನಾ ರಾಜ್ಯಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲಿನ ಮೇಲೆ, ಅಂದರೆ ರ‍್ಯಾಂಚುಗಳಲ್ಲಿ, ದನ ಮೇಯಿಸಿ ಬದುಕುವ ಕುಟುಂಬಗಳು ಇಂದಿಗೂ ಇವೆ. ಅವುಗಳಲ್ಲಿ ಕೆಲವು, ವರ್ಷದ ಕೆಲವು ತಿಂಗಳು, ಹಣ ಪಡೆದು ಹೊರಗಿನವರನ್ನು ಅತಿಥಿಗಳಾಗಿ ಇರಿಸಿಕೊಳ್ಳುತ್ತವೆ. ಬಂದವರು ಬೆಳಕು ಹರಿಯುವ ಹೊತ್ತಿಗೆ ಎದ್ದು, ಕುದುರೆಗೆ ಜೀನು ಬಿಗಿದು, ಮನೆಯವರ ಜೊತೆ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ಮುರಿದ ಬೇಲಿ ಕಟ್ಟುತ್ತಾರೆ, ಹಿಂಡಿನಿಂದ ತಪ್ಪಿಸಿಕೊಂಡ ಕರುವನ್ನು ಹುಡುಕುತ್ತಾರೆ. ಸಂಜೆಗೆ ಮೈತುಂಬ ಧೂಳು, ತೊಡೆತುಂಬ ನೋವು. ಆದರೂ ವರ್ಷ ವರ್ಷ ಮರಳಿ ಬರುವ ಅತಿಥಿಗಳಿದ್ದಾರೆ.

ಈ ರಜೆ ಸಾರ್ಥಕವಾಗಬೇಕಾದರೆ ಒಂದು ಮಾತನ್ನು ಹೊರಡುವ ಮುಂಚೆಯೇ ಮನಸ್ಸಿಗೆ ತಂದುಕೊಳ್ಳಬೇಕು. ರ‍್ಯಾಂಚಿನ ದಿನಚರಿಯನ್ನು ನಿರ್ಧರಿಸುವುದು ದನ, ಹುಲ್ಲು ಮತ್ತು ಹವೆ. ಅತಿಥಿ ಆ ದಿನಚರಿಯೊಳಗೆ ಸೇರಿಕೊಳ್ಳುತ್ತಾನೆ. ಯಾವ ತಿಂಗಳು ಹೋಗಬೇಕು, ಎಂಥ ಕುದುರೆ ಸಿಗುತ್ತದೆ, ಊಟ ಎಷ್ಟು ಹೊತ್ತಿಗೆ, ಏನು ತೊಡಬೇಕು ಎಂಬ ಎಲ್ಲ ಪ್ರಶ್ನೆಗಳಿಗೂ ಉತ್ತರ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ.

ಅತಿಥಿಗಳು ಬರತೊಡಗಿದ್ದು ಹೇಗೆ?

ಈಟನ್ ಮನೆತನದ ಹೋವರ್ಡ್, ವಿಲ್ಲಿಸ್, ಆಲ್ಡನ್ ಎಂಬ ಮೂವರು ಸಹೋದರರು ಪಿಟ್ಸ್‌ಬರ್ಗ್ ನಗರದಿಂದ ಬಂದು, ಇಂದಿನ ನಾರ್ತ್ ಡಕೋಟಾದ ಮೆಡೋರಾ ಬಳಿ ದನ ಸಾಕತೊಡಗಿದರು. ಪೂರ್ವದ ನಗರಗಳಿಂದ ಗೆಳೆಯರು ಬಂದು ವಾರಗಟ್ಟಲೆ ಉಳಿಯುತ್ತಿದ್ದರು. ಅವರ ಊಟ, ವಸತಿ, ಕುದುರೆಗಳ ಖರ್ಚು ಮನೆಯವರಿಗೆ ಭಾರವಾಯಿತು. 1882ರಲ್ಲಿ ಒಬ್ಬ ಅತಿಥಿ ತಾನೇ ಮುಂದಾಗಿ ಹಣ ಕೊಟ್ಟನಂತೆ. ಅತಿಥಿ ರ‍್ಯಾಂಚುಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ 1883ರಲ್ಲಿ ಕಾಡೆಮ್ಮೆ ಬೇಟೆಗೆಂದು ಬಂದು ದನ ಸಾಕಣೆಗೆ ಹಣ ಹೂಡಿದ್ದೂ ಇದೇ ಮೆಡೋರಾ ಪ್ರದೇಶದಲ್ಲಿ.

1886–87ರ ಚಳಿಗಾಲ ಈ ಬಯಲುಗಳ ಮೇಲೆ ಮಾರಿಯಾಗಿ ಎರಗಿತು. ಹಿಂದಿನ ಬೇಸಿಗೆಯ ಬರದಲ್ಲಿ ಹುಲ್ಲು ಒಣಗಿತ್ತು. ಮೇಲೆ ಹಿಮ ಬಿದ್ದು ಹೆಪ್ಪುಗಟ್ಟಿತು. ಕೂಡಿಟ್ಟ ಮೇವಿಲ್ಲದೆ ಲಕ್ಷಾಂತರ ದನ ಸತ್ತವು. ರೂಸ್‌ವೆಲ್ಟರ ಹಿಂಡಿನ ದೊಡ್ಡ ಪಾಲೂ ನಾಶವಾಯಿತು. ದನವನ್ನು ಬೇಲಿಯಿಲ್ಲದ ಬಯಲಿಗೆ ಬಿಟ್ಟು ಸುಮ್ಮನಿರುವ ಪದ್ಧತಿ ಅಲ್ಲಿಗೆ ಮುರಿದುಬಿತ್ತು. ಬೇಲಿ ಹಾಕುವುದು, ಬೇಸಿಗೆಯಲ್ಲಿ ಹುಲ್ಲು ಕೊಯ್ದು ಚಳಿಗಾಲಕ್ಕೆ ಕೂಡಿಡುವುದು ನಿಯಮವಾಯಿತು. ಇಂದು ಅತಿಥಿ ಕೈಹಾಕುವ ಬೇಲಿ ಕೆಲಸಕ್ಕೂ ಮನೆಯವರ ಹುಲ್ಲಿನ ಕೆಲಸಕ್ಕೂ ಮೂಲ ಆ ಚಳಿಗಾಲದ ಪಾಠ.

ಈಟನ್ ಸಹೋದರರು 1904ರಲ್ಲಿ ವಯೋಮಿಂಗಿನ ಶೆರಿಡನ್ ಪಟ್ಟಣದ ಬಳಿಗೆ ನೆಲೆ ಬದಲಿಸಿದರು. ಆ ರ‍್ಯಾಂಚ್ ಈಗಲೂ ನಡೆಯುತ್ತಿದೆ. ನಾರ್ದರ್ನ್ ಪೆಸಿಫಿಕ್ ರೈಲು ಕಂಪನಿಗೆ ಪಶ್ಚಿಮಕ್ಕೆ ಪ್ರಯಾಣಿಕರು ಬೇಕಿದ್ದರು. ಅದರ ಉತ್ತೇಜನವೂ ಸೇರಿ, 1926ರಲ್ಲಿ ಡ್ಯೂಡ್ ರ‍್ಯಾಂಚರ್ಸ್ ಅಸೋಸಿಯೇಷನ್ ಎಂಬ ಸಂಘ ಹುಟ್ಟಿತು. ನಗರದಿಂದ ಬಂದ ಅನನುಭವಿಯನ್ನು ಅಲ್ಲಿನವರು ‘ಡ್ಯೂಡ್’ ಎನ್ನುತ್ತಿದ್ದರು. 1991ರಲ್ಲಿ ‘ಸಿಟಿ ಸ್ಲಿಕರ್ಸ್’ ಸಿನಿಮಾ ಬಂದಾಗ, ಹಿಂಡಿನ ಜೊತೆ ದೂರ ಸಾಗುವ ರಜೆ ಮತ್ತೆ ಮನೆಮಾತಾಯಿತು.

ಕುಟುಂಬಗಳು ಅತಿಥಿಗಳನ್ನು ಯಾಕೆ ಬಯಸುತ್ತವೆ? ಕರು ಮಾರುವ ರ‍್ಯಾಂಚಿಗೆ ಆದಾಯ ಹೆಚ್ಚಾಗಿ ವರ್ಷಕ್ಕೊಮ್ಮೆ, ಶರತ್ಕಾಲದ ಮಾರಾಟದಲ್ಲಿ ಬರುತ್ತದೆ. ಬೆಲೆ ಕುಸಿದರೆ, ಬರ ಬಂದರೆ ಇಡೀ ವರ್ಷಕ್ಕೇ ಪೆಟ್ಟು. ಬೇಸಿಗೆಯಲ್ಲಿ ಅತಿಥಿಗಳಿಂದ ಬರುವ ನಗದು ಈ ಪೆಟ್ಟನ್ನು ತಡೆಯುತ್ತದೆ. ಭೂಮಿಯನ್ನು ತುಂಡು ಮಾಡಿ ಮಾರದೆ ಉಳಿಸಿಕೊಳ್ಳಲು ಹಲವು ಮನೆತನಗಳಿಗೆ ನೆರವಾಗಿರುವುದು ಈ ಹಣ.

ಮೂರು ಬಗೆಯ ರ‍್ಯಾಂಚ್

ಮೊದಲನೆಯದು ವರ್ಕಿಂಗ್ ರ‍್ಯಾಂಚ್. ಇಲ್ಲಿ ದನವೇ ಮುಖ್ಯ ಕಸುಬು, ಅತಿಥಿಗಳ ಸಂಖ್ಯೆ ಕಡಿಮೆ, ಕೋಣೆಗಳು ಸರಳ. ಎರಡನೆಯದು ಡ್ಯೂಡ್ ರ‍್ಯಾಂಚ್. ದನ ಸ್ವಲ್ಪ ಇರಬಹುದು, ಆದರೆ ಕಾರ್ಯಕ್ರಮ ಅತಿಥಿಗಳಿಗಾಗಿ ರೂಪುಗೊಂಡಿರುತ್ತದೆ. ಬೆಳಿಗ್ಗೆ ಒಂದು ಸವಾರಿ, ಮಧ್ಯಾಹ್ನ ಮೀನು ಹಿಡಿಯುವುದು, ರಾತ್ರಿ ಬೆಂಕಿಯ ಸುತ್ತ ಹಾಡು. ಮೂರನೆಯದು ರೆಸಾರ್ಟ್ ರ‍್ಯಾಂಚ್. ಅಲ್ಲಿ ಈಜುಕೊಳ, ಮಸಾಜು ಎಲ್ಲ ಇದ್ದು, ಕುದುರೆ ಹಲವು ಮನರಂಜನೆಗಳಲ್ಲಿ ಒಂದು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಎರಡನೆಯ ಬಗೆ ಹೊಂದುತ್ತದೆ. ದನದ ಕೆಲಸವನ್ನೇ ನೋಡಬೇಕು, ಮಾಡಬೇಕು ಎನ್ನುವವರಿಗೆ ಮೊದಲನೆಯದೇ ಸರಿ. ಜಾಹೀರಾತಿನಲ್ಲಿ ಮೂರೂ ಒಂದೇ ರೀತಿ ಕಾಣುವುದರಿಂದ ಕೇಳಿಯೇ ತಿಳಿಯಬೇಕು.

ಪ್ರದೇಶವೂ ಮುಖ್ಯ. ವಯೋಮಿಂಗ್, ಮೊಂಟಾನಾಗಳಲ್ಲಿ ಅತಿಥಿಗಳ ಕಾಲ ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಅರಿಜೋನಾದ ಮರುಭೂಮಿಯಲ್ಲಿ ತದ್ವಿರುದ್ಧ, ಅಲ್ಲಿ ಚಳಿಗಾಲವೇ ಹಿತ. ಉತ್ತರದಲ್ಲಿ ಕೆಂಪು ಮೈ, ಬಿಳಿ ಮುಖದ ಹೆರೆಫರ್ಡ್ ಮತ್ತು ಕಪ್ಪು ಆಂಗಸ್ ತಳಿಗಳು ಹೆಚ್ಚು. ಸೆಕೆ ಹೆಚ್ಚಿರುವ ಟೆಕ್ಸಾಸ್, ಫ್ಲಾರಿಡಾ ಕಡೆಗೆ ಹೋದರೆ ಭುಜದ ಮೇಲೆ ಹಿಣಿಲಿರುವ ಅಮೆರಿಕನ್ ಬ್ರಾಹ್ಮನ್ ದನ ಕಾಣುತ್ತದೆ. ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ನೆಲ್ಲೂರು ತಳಿಗಳ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಲ್ಲಿ ಸೇರಿದೆ.

ದನದ ವರ್ಷ

ಯಾವ ವಾರ ಹೋಗುವುದೆಂದು ನಿರ್ಧರಿಸಲು ಹಸುವಿನ ವರ್ಷ ತಿಳಿದಿರಬೇಕು. ಹಸು ಗಬ್ಬವಾಗಿ ಈಯಲು ಸುಮಾರು 283 ದಿನ ಬೇಕು. ಚಳಿ ಇಳಿದು ಹುಲ್ಲು ಚಿಗುರುವ ಹೊತ್ತಿಗೆ ತಾಯಿಗೆ ಹಾಲು ಹೆಚ್ಚಬೇಕು. ಹಾಗಾಗಿ ಫೆಬ್ರವರಿಯ ಕೊನೆಯಿಂದ ಏಪ್ರಿಲ್, ಮೇವರೆಗೆ ಕರು ಹಾಕುವಂತೆ ಹೋರಿಗಳನ್ನು ಹಿಂಡಿಗೆ ಬಿಡುವ ದಿನವನ್ನು ಲೆಕ್ಕ ಹಾಕಿರುತ್ತಾರೆ. ಈ ಕಾಲದಲ್ಲಿ ರಾತ್ರಿಯಿಡೀ ಸರದಿಯ ಮೇಲೆ ದೊಡ್ಡಿ ಸುತ್ತಬೇಕು. ಹಿಮದಲ್ಲಿ ಬಿದ್ದ ಕರುವನ್ನು ಎತ್ತಿ ತಂದು ಒಣಗಿಸಬೇಕು. ಅತಿಥಿಗಳನ್ನು ಆಗ ಕರೆಯುವ ರ‍್ಯಾಂಚುಗಳು ಕಡಿಮೆ.

ಮೇ–ಜೂನ್ ಮುದ್ರೆ ಹಾಕುವ ಕಾಲ. ನೆರೆಹೊರೆಯ ಮನೆಗಳೆಲ್ಲ ಒಂದಾಗಿ, ಇವತ್ತು ನಿಮ್ಮಲ್ಲಿ ನಾಳೆ ನಮ್ಮಲ್ಲಿ ಎಂದು ಮುಯ್ಯಾಳಾಗಿ ದುಡಿಯುತ್ತವೆ. ಕುಣಿಕೆ ಹಗ್ಗ ಬೀಸಿ ಕರುವಿನ ಹಿಂಗಾಲು ಹಿಡಿದು ಬೆಂಕಿಯ ಬಳಿಗೆ ಎಳೆದು ತರುತ್ತಾರೆ. ಇಬ್ಬರು ಅದನ್ನು ಅದುಮಿ ಹಿಡಿಯುತ್ತಾರೆ. ಚುಚ್ಚುಮದ್ದು, ಗಂಡು ಕರುವಿಗೆ ಬೀಜ ತೆಗೆಯುವುದು, ಕಾಯಿಸಿದ ಕಬ್ಬಿಣದ ಮುದ್ರೆ ಒತ್ತುವುದು ಎಲ್ಲ ಒಂದೆರಡು ನಿಮಿಷಗಳಲ್ಲಿ ಮುಗಿದು ಕರು ತಾಯಿಯ ಬಳಿಗೆ ಓಡುತ್ತದೆ. ಮುದ್ರೆಯನ್ನು ರಾಜ್ಯ ಸರ್ಕಾರದಲ್ಲಿ ನೋಂದಾಯಿಸಿರುತ್ತಾರೆ. ಮಾರುವಾಗ ಸರ್ಕಾರಿ ತಪಾಸಣಾಧಿಕಾರಿ ಬಂದು ಅದನ್ನು ನೋಡಿ ಒಡೆತನ ಖಚಿತಪಡಿಸುತ್ತಾನೆ. ಸುಟ್ಟ ರೋಮದ ವಾಸನೆ, ಕರುಗಳ ಕೂಗು ಎಲ್ಲರಿಗೂ ಸಹ್ಯವಲ್ಲ. ಸಹಿಸಲಾರೆ ಎನ್ನಿಸಿದರೆ ಈ ವಾರಗಳನ್ನು ಬಿಟ್ಟು ಬೇರೆ ವಾರ ಆರಿಸಿಕೊಳ್ಳಿ.

ಜೂನಿನಲ್ಲಿ ಹಿಂಡು ಬೆಟ್ಟಕ್ಕೆ ಹೊರಡುತ್ತದೆ. ಬಿಸಿಲೇರಿದಂತೆ ತಗ್ಗಿನ ಹುಲ್ಲು ಬಲಿತು ಒಣಗುತ್ತದೆ, ಎತ್ತರದಲ್ಲಿ ಆಗಷ್ಟೇ ಹಸಿರು ಮೂಡುತ್ತದೆ. ಹಸಿರನ್ನು ಹಿಂಬಾಲಿಸಿ ದನ ಏರುತ್ತದೆ. ಈ ಬೆಟ್ಟದ ಮೇವು ಬಹುಮಟ್ಟಿಗೆ ಸರ್ಕಾರದ್ದು. ಭೂ ನಿರ್ವಹಣಾ ಇಲಾಖೆಯೊಂದರ ಕೈಯಲ್ಲೇ ಸುಮಾರು 24.5 ಕೋಟಿ ಎಕರೆ ಇದೆ. ಅರಣ್ಯ ಇಲಾಖೆಯ ಭೂಮಿ ಬೇರೆ. 1934ರ ಟೇಲರ್ ಗ್ರೇಜಿಂಗ್ ಕಾಯ್ದೆಯಿಂದ ಅರಣ್ಯದ ಹೊರಗಿನ ಸರ್ಕಾರಿ ಭೂಮಿಯಲ್ಲೂ ಮೇಯಿಸುವುದಕ್ಕೆ ಪರವಾನಗಿ ಪದ್ಧತಿ ಬಂತು. ಸಾಮಾನ್ಯವಾಗಿ ಹತ್ತು ವರ್ಷದ ಪರವಾನಗಿ. ಎಷ್ಟು ದನ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಅದರಲ್ಲೇ ಬರೆದಿರುತ್ತದೆ. ಹಸು ಮತ್ತು ಅದರ ಕರು ಒಂದು ತಿಂಗಳು ತಿನ್ನುವ ಮೇವನ್ನು ಒಂದು ಮಾನವಾಗಿ ಹಿಡಿದು ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಹಿಂಡು ಹೊರಡುವ ದಿನವನ್ನು ಅತಿಥಿಯ ವಿಮಾನಕ್ಕೆ ತಕ್ಕಂತೆ ಮುಂದೂಡಲು ಆಗದಿರುವುದಕ್ಕೆ ಇದೂ ಒಂದು ಕಾರಣ.

ಹಳೆ ಮೈಸೂರಿನ ಅಮೃತಮಹಲ್ ಕಾವಲುಗಳನ್ನು ಕಂಡವರಿಗೆ ಈ ಬಯಲುಗಳ ಅಂದಾಜು ಸ್ವಲ್ಪ ಸಿಗಬಹುದು. ಆದರೆ ಅಮೆರಿಕದ ಈ ಬಯಲುಗಳಲ್ಲಿ ಮಳೆ ಬಹಳ ಕಡಿಮೆ. ಒಣ ಪ್ರದೇಶಗಳಲ್ಲಿ ಒಂದು ಹಸುವಿನ ವರ್ಷದ ಮೇವಿಗೆ ಮೂವತ್ತು, ನಲವತ್ತು ಎಕರೆ ಬೇಕಾಗುವುದುಂಟು. ಹಾಗಾಗಿ ನೂರು ದನ ಹುಡುಕಲು ಇಡೀ ದಿನ ಕುದುರೆ ಓಡಿಸಬೇಕಾಗುತ್ತದೆ.

ಜುಲೈ–ಆಗಸ್ಟ್ ಹುಲ್ಲು ಕೊಯ್ಯುವ ಕಾಲ. ಮನೆಯವರು ಯಂತ್ರಗಳ ಮೇಲಿದ್ದರೆ, ಅತಿಥಿಗಳು ಬೆಟ್ಟದ ಹಿಂಡನ್ನು ನೋಡಿಕೊಳ್ಳುವ ಸವಾರಿಗೆ ಹೋಗುತ್ತಾರೆ. ಕುಂಟುವ ದನವಿದೆಯೇ, ನೀರಿನ ತೊಟ್ಟಿ ತುಂಬಿದೆಯೇ, ಬೇಲಿ ಬಿದ್ದಿದೆಯೇ ಎಂದು ನೋಡಿ ಬರಬೇಕು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಿಮ ಬೀಳುವ ಮುನ್ನ ಹಿಂಡನ್ನು ಕೆಳಗಿಳಿಸಿ, ಆರೆಂಟು ತಿಂಗಳ ಕರುಗಳನ್ನು ತಾಯಿಯಿಂದ ಬಿಡಿಸಿ ಮಾರುತ್ತಾರೆ. ಆಗ ಒಂದು ಕರು ಸುಮಾರು 225ರಿಂದ 270 ಕಿಲೊ ತೂಗುತ್ತದೆ. ಹಿಂಡಿನ ಜೊತೆ ದೂರ ಸಾಗುವ ಆಸೆಯಿದ್ದರೆ ಜೂನ್ ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ಕುದುರೆ ಸವಾರಿ ಕಲಿಯುತ್ತ ನಿಧಾನವಾಗಿ ಕೆಲಸ ನೋಡಬೇಕೆಂದರೆ ಜುಲೈ.

ಕುದುರೆಯ ಮೇಲೆ

ಸಾಮಾನ್ಯವಾಗಿ ಭಾನುವಾರದಿಂದ ಶನಿವಾರದವರೆಗೆ ಒಂದು ವಾರ. ಮೊದಲ ದಿನ ರ‍್ಯಾಂಗ್ಲರ್, ಅಂದರೆ ಕುದುರೆಗಳ ಉಸ್ತುವಾರಿಯವರು, ನಿಮ್ಮನ್ನು ದೊಡ್ಡಿಯೊಳಗೆ ಸವಾರಿ ಮಾಡಿಸಿ ನೋಡುತ್ತಾರೆ. ಆಮೇಲೆ ನಿಮ್ಮ ಅಳವಿಗೆ ತಕ್ಕ ಕುದುರೆ ಕೊಡುತ್ತಾರೆ. ಸಾಮಾನ್ಯವಾಗಿ ವಾರವಿಡೀ ಅದೇ ಕುದುರೆ. ಇಲ್ಲಿ ನಿಮ್ಮ ಅನುಭವವನ್ನು ಹೆಚ್ಚಿಸಿ ಹೇಳಬೇಡಿ. ಚುರುಕು ಕುದುರೆ ಅನುಭವವಿಲ್ಲದವರ ಕೈಗೆ ಸಿಕ್ಕರೆ ಅಪಾಯ ಸವಾರನಿಗೂ ಹೌದು, ಹಿಂಡಿಗೂ ಹೌದು.

ಹೆಚ್ಚಾಗಿ ಸಿಗುವುದು ಕ್ವಾರ್ಟರ್ ಹಾರ್ಸ್ ತಳಿ. ತೂಕ 450ರಿಂದ 550 ಕಿಲೊ. ಕುದುರೆ ತನ್ನ ತೂಕದ ಶೇಕಡ 20ಕ್ಕಿಂತ ಹೆಚ್ಚು ಹೊರಬಾರದು ಎಂಬುದು ಬಹಳ ಕಡೆ ಪಾಲಿಸುವ ಲೆಕ್ಕ. ಜೀನಿನ ಹದಿನೈದಿಪ್ಪತ್ತು ಕಿಲೊ ಅದರಲ್ಲೇ ಸೇರಬೇಕು. ಹಲವು ರ‍್ಯಾಂಚುಗಳು ಸವಾರನ ತೂಕಕ್ಕೆ ಮಿತಿ ಹಾಕುವುದು ಇದಕ್ಕಾಗಿ. ಅವರು ಕೇಳಿದಾಗ ನಿಜವಾದ ತೂಕವನ್ನೇ ಹೇಳಿ.

ಪಶ್ಚಿಮದ ಜೀನಿಗೆ ಮುಂದೆ ಒಂದು ಕೊಂಬು ಇರುತ್ತದೆ. ಕುಣಿಕೆ ಹಗ್ಗವನ್ನು ಸುತ್ತಿ ದನದ ಭಾರ ತಡೆಯಲು ಅದು. ಎರಡು ಲಗಾಮುಗಳನ್ನೂ ಒಂದೇ ಕೈಯಲ್ಲಿ ಹಿಡಿಯುವುದು ವಾಡಿಕೆ, ಇನ್ನೊಂದು ಕೈ ಹಗ್ಗಕ್ಕೆ ಬೇಕು. ಲಗಾಮು ಕುತ್ತಿಗೆಗೆ ತಾಗಿದ ಕಡೆಯಿಂದ ಕುದುರೆ ಆಚೆಗೆ ತಿರುಗುತ್ತದೆ. ಹಿಮ್ಮಡಿ ಕೆಳಗಿರಲಿ, ರಿಕಾಪಿನಲ್ಲಿ ಪಾದದ ಮುಂಭಾಗ ಮಾತ್ರ ಇರಲಿ. ಹಿಮ್ಮಡಿಯಿರುವ ಬೂಟು ಕಡ್ಡಾಯ ಎನ್ನುವುದು ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳದಿರಲಿ ಎಂದು. ಬಿದ್ದಾಗ ಕಾಲು ಸಿಕ್ಕಿಕೊಂಡರೆ ಕುದುರೆ ಎಳೆದುಕೊಂಡು ಓಡಬಹುದು.

ಹಿಂಡು ಹೊಡೆಯುವ ವಿದ್ಯೆ

ಕಿರುಚಿ, ಚಾವಟಿ ಬೀಸಿ ದನ ಓಡಿಸುವುದನ್ನು ಸಿನಿಮಾಗಳು ತೋರಿಸುತ್ತವೆ. ಒಳ್ಳೆಯ ರ‍್ಯಾಂಚಿನಲ್ಲಿ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಓಡಿದ ದನದ ಮೈ ಇಳಿಯುತ್ತದೆ, ಕರು ತಾಯಿಯಿಂದ ಬೇರೆಯಾಗುತ್ತದೆ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಟೆಂಪಲ್ ಗ್ರಾಂಡಿನ್ ದನದ ವರ್ತನೆಯನ್ನು ಗಮನಿಸಿ ತಿಳಿಯಾಗಿ ವಿವರಿಸಿದ ಎರಡು ಸಂಗತಿಗಳು ಅತಿಥಿಗೆ ಮೊದಲ ದಿನವೇ ಉಪಯೋಗಕ್ಕೆ ಬರುತ್ತವೆ.

ಒಂದು, ಪ್ರತಿ ದನದ ಸುತ್ತ ಒಂದು ಅಂತರದ ವಲಯ ಇರುತ್ತದೆ. ಅದರ ಅಂಚಿಗೆ ನೀವು ಕಾಲಿಟ್ಟರೆ ದನ ದೂರ ಸರಿಯುತ್ತದೆ, ಹಿಂದೆ ಸರಿದರೆ ನಿಲ್ಲುತ್ತದೆ. ಒಮ್ಮೆಲೆ ಒಳಗೆ ನುಗ್ಗಿದರೆ ಬೆದರಿ ಓಡುತ್ತದೆ. ಎರಡು, ದನದ ಭುಜ ಒಂದು ತಿರುವಿನ ಬಿಂದು. ಭುಜದ ಹಿಂದಿನಿಂದ ಬಂದರೆ ದನ ಮುಂದೆ ಹೋಗುತ್ತದೆ, ಮುಂದಿನಿಂದ ಬಂದರೆ ಹಿಂದಕ್ಕೆ ಹೆಜ್ಜೆ ಇಡುತ್ತದೆ. ದನಕ್ಕೆ ಎರಡೂ ಬದಿ ಬಹುತೇಕ ಸುತ್ತಲೂ ಕಾಣುತ್ತದೆ, ಬೆನ್ನ ಹಿಂದೆ ನೇರಕ್ಕೆ ಮಾತ್ರ ಕಾಣದು. ಅಲ್ಲಿ ನಿಂತರೆ ಅದು ತಿರುಗಿ ನೋಡಲು ಹೊರಳುತ್ತದೆ. ಹಾಗಾಗಿ ಹಿಂಡಿನ ಹಿಂದೆ ಸವಾರರು ಅತ್ತಿತ್ತ ಓರೆಯಾಗಿ ಸಾಗುತ್ತಾರೆ.

ಹಿಂಡು ಸಾಗುವಾಗ ಅನುಭವಿಗಳು ಮುಂದೆ ಇದ್ದು ದಾರಿ ತಿರುಗಿಸುತ್ತಾರೆ. ಪಕ್ಕದವರು ಹಿಂಡು ಚದುರದಂತೆ ಕಾಯುತ್ತಾರೆ. ಹೊಸಬರಿಗೆ ಸಿಗುವುದು ಹಿಂದಿನ ಸಾಲು. ಧೂಳೆಲ್ಲ ಅಲ್ಲಿಗೇ ಬರುತ್ತದೆ, ಅದಕ್ಕೇ ಕೊರಳಿನ ಕರವಸ್ತ್ರ ಬೇಕು. ಹಿಂದಿನ ಸಾಲನ್ನು ಕೀಳಾಗಿ ಕಾಣಬೇಡಿ. ಎಳೆಗರು, ಕುಂಟುವ ಹಸು, ಬಸವಳಿದ ದನ ಎಲ್ಲ ಅಲ್ಲಿರುತ್ತವೆ. ಅವುಗಳ ಹೆಜ್ಜೆಗೆ ತಕ್ಕಂತೆ ಇಡೀ ಹಿಂಡು ನಡೆಯಬೇಕು.

ಹೊಸ ಕಾವಲು ತಲುಪಿದ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ರತಿ ಕರುವೂ ತನ್ನ ತಾಯಿಯನ್ನು ಹುಡುಕಿ ಹಾಲು ಕುಡಿಯುವವರೆಗೆ ಹಿಂಡನ್ನು ಸುತ್ತುಗಟ್ಟಿ ನಿಲ್ಲಬೇಕು. ತಾಯಿ ಸಿಗದ ಕರು ತಾನು ಕಡೆಯ ಬಾರಿ ಹಾಲು ಕುಡಿದ ಜಾಗಕ್ಕೆ, ಮೈಲಿಗಟ್ಟಲೆ ಹಿಂದಕ್ಕೆ, ಓಡಿಹೋಗುತ್ತದೆ. ಹಸಿವಾದರೂ ಅತಿಥಿ ಆ ಹೊತ್ತು ತಾಳ್ಮೆಯಿಂದ ಕುದುರೆಯ ಮೇಲೆ ಕೂತಿರಬೇಕು. ಇಡೀ ವಾರದಲ್ಲಿ ನೋಡಲೇಬೇಕಾದ ಕೆಲಸ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ನೂರಾರು ದನದ ಕೂಗಿನ ನಡುವೆ ಒಂದು ಹಸು ತನ್ನ ಕರುವಿನ ದನಿಯನ್ನು ಗುರುತು ಹಿಡಿಯುವುದು ಅಲ್ಲಿ ಕಣ್ಣೆದುರಿಗೆ ನಡೆಯುತ್ತದೆ.

ಇನ್ನು ಕೆಲವು ರೂಢಿಗಳು. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿ ಮುಚ್ಚಿ. ಮುಂದಾಳನ್ನು ದಾಟಿ ಕುದುರೆ ಓಡಿಸಬೇಡಿ. ‘ನಿಮ್ಮ ಬಳಿ ಎಷ್ಟು ದನ, ಎಷ್ಟು ಎಕರೆ?’ ಎಂದು ಮನೆಯವರನ್ನು ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಹಾಗೆಯೇ ಅವರು ಅದನ್ನು ತೆಗೆದುಕೊಳ್ಳುತ್ತಾರೆ.

ಊಟ ಮತ್ತು ಮನಸ್ಸಿನ ಪ್ರಶ್ನೆ

ಊಟದಲ್ಲಿ ಗೋಮಾಂಸ ಸಾಮಾನ್ಯ. ಸಸ್ಯಾಹಾರಿಗಳಿಗೆ ಬೇರೆ ಅಡುಗೆ ಮಾಡುವ ರ‍್ಯಾಂಚುಗಳಿವೆ, ಆದರೆ ಅಂಗಡಿ ದೂರ, ಸಾಮಾನು ವಾರಕ್ಕೊಮ್ಮೆ ಬರುವುದು. ಕಾಯ್ದಿರಿಸುವಾಗಲೇ ಹೇಳಿ. ಮೊಟ್ಟೆ, ಮೀನು ತಿನ್ನುತ್ತೀರೋ ಇಲ್ಲವೋ ಎಂಬುದನ್ನೂ ಸ್ಪಷ್ಟವಾಗಿ ತಿಳಿಸಿ.

ಇದಕ್ಕಿಂತ ದೊಡ್ಡ ಪ್ರಶ್ನೆ ಮನಸ್ಸಿನದು. ಇಲ್ಲಿನ ದನ ಮಾಂಸಕ್ಕೆಂದು ಸಾಕಿದ್ದು. ನೀವು ಬೆಟ್ಟಕ್ಕೆ ಹೊಡೆದುಕೊಂಡು ಹೋದ ಕರು ಶರತ್ಕಾಲಕ್ಕೆ ಲಾರಿ ಹತ್ತುತ್ತದೆ. ಹಸುವನ್ನು ತಾಯಿಯೆಂದು ಕಂಡು ಬೆಳೆದವರಿಗೆ ಇದು ಸುಲಭವಲ್ಲ, ಅದನ್ನು ಮನೆಯವರೊಡನೆ ವಾದಿಸಿ ಬಗೆಹರಿಸಲೂ ಆಗದು. ಒಪ್ಪುವುದಾದರೆ ಹೋಗಿ. ಒಪ್ಪದಿದ್ದರೆ ಕುದುರೆ ಸವಾರಿ ಮಾತ್ರವಿರುವ ರ‍್ಯಾಂಚುಗಳು ಬೇಕಾದಷ್ಟಿವೆ.

ಖರ್ಚು, ಕಾಗದ, ಆರೋಗ್ಯ

ಊಟ, ವಸತಿ, ಕುದುರೆ ಸೇರಿ ಒಬ್ಬರಿಗೆ ವಾರಕ್ಕೆ ಎರಡು ಸಾವಿರ ಡಾಲರಿನಿಂದ ನಾಲ್ಕು ಸಾವಿರದವರೆಗೆ ಆಗುವುದು ಸಾಮಾನ್ಯ, ಐಷಾರಾಮಿ ಜಾಗಗಳಲ್ಲಿ ಇನ್ನೂ ಹೆಚ್ಚು. ಕೆಲಸದವರಿಗೆ ಒಟ್ಟು ಮೊತ್ತದ ಶೇಕಡ 15ರಿಂದ 20 ಟಿಪ್ಸ್ ಕೊಡುವ ವಾಡಿಕೆಯಿದೆ, ಅದನ್ನು ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ. ಹೋದ ಕೂಡಲೇ ಹೊಣೆ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕುದುರೆ ಸವಾರಿಯ ಸಹಜ ಅಪಾಯಗಳಿಗೆ ಮಾಲೀಕರನ್ನು ಹೊಣೆ ಮಾಡಲಾಗದೆಂಬ ಕಾನೂನು ಅಲ್ಲಿನ ಬಹುತೇಕ ರಾಜ್ಯಗಳಲ್ಲಿದೆ. ಆದ್ದರಿಂದ ಪ್ರವಾಸ ವಿಮೆಯಲ್ಲಿ ಕುದುರೆ ಸವಾರಿಯೂ ತುರ್ತು ಹೆಲಿಕಾಪ್ಟರ್ ಸಾಗಣೆಯೂ ಸೇರಿವೆಯೇ ಎಂದು ಓದಿ ನೋಡಿ. ಆಸ್ಪತ್ರೆ ಗಂಟೆಗಳ ದೂರದಲ್ಲಿರಬಹುದು.

ಬೆಟ್ಟದ ಕಾವಲುಗಳು ಎಂಟು ಸಾವಿರ ಅಡಿಗೂ ಮೇಲಿರಬಹುದು. ಹಗಲು ಸುಡುಬಿಸಿಲು, ಮಧ್ಯಾಹ್ನ ಸಿಡಿಲು, ರಾತ್ರಿ ಚಳಿ ಮೂರೂ ಒಂದೇ ದಿನ ಬರುವುದುಂಟು. ಜೀನ್ಸ್, ಉದ್ದ ತೋಳಿನ ಅಂಗಿ, ಮಳೆಕೋಟು, ಬೆಚ್ಚನೆಯ ಸ್ವೆಟರ್, ಕೈಗವಸು ಒಯ್ಯಿರಿ. ಹೆಲ್ಮೆಟ್ ಕಡ್ಡಾಯವಿಲ್ಲದ ಕಡೆಯೂ ಕೇಳಿ ಪಡೆದು ತೊಡಿ. ಎರಡು ತಿಂಗಳು ಮುಂಚೆಯೇ ಊರಿನಲ್ಲಿ ಸವಾರಿ ಕಲಿಯಲು ಸಾಧ್ಯವಾದರೆ ಬಹಳ ಒಳ್ಳೆಯದು.

ಭಾರತದಿಂದ ನೇರ ಹೋಗುವವರು ಒಂದು ಸಂಗತಿ ಮರೆಯಬಾರದು. ಅಮೆರಿಕದಲ್ಲಿ 1929ರಿಂದ ಕಾಲುಬಾಯಿ ರೋಗವಿಲ್ಲ, ನಮ್ಮಲ್ಲಿದೆ. ಊರಿನಲ್ಲಿ ಕೊಟ್ಟಿಗೆಗೆ ಹೋಗಿದ್ದರೆ, ದನ ಮುಟ್ಟಿದ್ದರೆ ವಿಮಾನ ನಿಲ್ದಾಣದ ಘೋಷಣೆಯಲ್ಲಿ ಅದನ್ನು ನಿಜವಾಗಿ ಹೇಳಬೇಕು. ಆ ಬೂಟು, ಬಟ್ಟೆಗಳನ್ನು ತೊಳೆದು ಸೋಂಕು ತೆಗೆಯಬೇಕು. ಅಲ್ಲಿನ ದನದ ಬಳಿ ಹೋಗುವ ಮುನ್ನ ಕನಿಷ್ಠ ಐದು ದಿನ ಅಂತರ ಇರಲಿ. ಕೊಟ್ಟಿಗೆಯಲ್ಲಿ ತೊಟ್ಟ ಬೂಟನ್ನು ಮನೆಯಲ್ಲೇ ಬಿಟ್ಟು ಹೋಗುವುದು ಇನ್ನೂ ಕ್ಷೇಮ. ಪ್ರವಾಸಿ ವೀಸಾದ ಮೇಲೆ ಹೋದವರು ಹಣ ಕೊಟ್ಟ ಅತಿಥಿಯಾಗಿಯೇ ಇರಬೇಕು. ಊಟ, ವಸತಿಗೆ ಬದಲಾಗಿ ದುಡಿಯುವ ಒಪ್ಪಂದ ಮಾಡಿಕೊಂಡರೆ ಅದು ಉದ್ಯೋಗವೆನಿಸಿ ತೊಂದರೆಯಾಗುತ್ತದೆ.

ಹಣ ಕಟ್ಟುವ ಮುನ್ನ ಕೇಳಿ

ನಾವು ಬರುವ ವಾರ ದನದ ಯಾವ ಕೆಲಸ ನಡೆದಿರುತ್ತದೆ? ಒಟ್ಟು ಅತಿಥಿಗಳು ಎಷ್ಟು, ಒಬ್ಬ ರ‍್ಯಾಂಗ್ಲರ್‌ಗೆ ಎಷ್ಟು ಮಂದಿ? ದಿನಕ್ಕೆ ಎಷ್ಟು ಗಂಟೆ ಕುದುರೆಯ ಮೇಲೆ? ಒಂದು ದಿನ ವಿಶ್ರಾಂತಿ ಪಡೆಯಬಹುದೇ? ಮಕ್ಕಳಿಗೆ ಕನಿಷ್ಠ ವಯಸ್ಸು ಎಷ್ಟು? ಸವಾರನ ತೂಕದ ಮಿತಿ ಏನು? ಫೋನ್ ಸಂಪರ್ಕ ಇದೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಬರಲಾಗದಿದ್ದರೆ ಮುಂಗಡ ಮರಳುತ್ತದೆಯೇ?

ಮೊದಲ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ‘ಆ ವಾರ ಹಿಂಡು ಇಂಥ ಬೆಟ್ಟದಲ್ಲಿರುತ್ತದೆ, ಮಳೆ ಬಂದರೆ ಎರಡು ದಿನ ಹಿಂದುಮುಂದಾಗಬಹುದು’ ಎಂದು ದನದ ಮಾತಾಡುವವರ ರ‍್ಯಾಂಚನ್ನು ಆರಿಸಿಕೊಳ್ಳಿ. ಕುರ್ಚಿ, ಹಾಸಿಗೆ, ಈಜುಕೊಳದ ಮಾತನ್ನೇ ಆಡುವವರಲ್ಲಿ ನಿಮಗೆ ಸಿಗುವುದು ಒಳ್ಳೆಯ ಹೋಟೆಲು. ಒಂದು ಕುಟುಂಬ ತನ್ನ ಕಸುಬನ್ನು ತೆರೆದು ತೋರಿಸುವಾಗ, ಹೇಳಿದ ಹೊತ್ತಿಗೆ ಏಳಿ, ಹೇಳಿದ ಕೆಲಸ ಮಾಡಿ, ತಿಳಿಯದ್ದನ್ನು ಕೇಳಿ. ಅಂಥ ಅತಿಥಿಗೆ ಆ ವಾರದಲ್ಲಿ ಕಲಿಯಲು ಸಿಗುವುದು ಕೊಟ್ಟ ಹಣಕ್ಕಿಂತ ಹೆಚ್ಚು.